ಚಾಂದ ಕಾಣುವ ಮೊದಲು ತೆರೆದ ಪೆಟ್ಟಿಗೆ

ಅರ್ಜುಮಂದಳಿಗೆ ಊರಿನವರು ಸನ್ಮಾನ ಮಾಡಬೇಕೆಂದು ಮೊದಲು ಬಾಯಿ ತೆಗೆದವನು ನಾನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದಿದವರು, ಈ ಮುದುಕನಿಗೆ ಆ ಹುಡುಗಿಯ ಮೇಲೆ ಎಂದಿನಿಂದಲೋ ಹೊಟ್ಟೆಕಿಚ್ಚಿತ್ತು ಎಂದು ತಿಳಿಯಬಾರದು.

ಅವಳು ಸುರಪುರದಲ್ಲಿ ನಮ್ಮ ಓಣಿಯವಳೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೂರನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಕನ್ನಡ ಕಲಿತಳು. ನಮಗೆ ಮಕ್ಕಳಾಗಲಿಲ್ಲ. ಶಾಲೆಯಿಂದ ಬಂದವಳೇ ಚೀಲವನ್ನು ನಮ್ಮ ಕಟ್ಟೆಯ ಮೇಲೆ ಒಗೆದು, ನನ್ನ ಹೆಂಡತಿ ಅನ್ವರಬಿಯ ಬೆನ್ನಿಗೆ ಜೋತುಬೀಳುತ್ತಿದ್ದಳು. "ಇಳಿ ನಮ್ಮವ್ವ, ನನ್ನ ಸೊಂಟ ಮುರದರ ನಿಮ್ಮ ಚಾಚಾಗ ರೊಟ್ಟಿ ಯಾರು ಬಡೀತಾರ?" ಎಂದು ಅನ್ವರಬಿ ಬೈಯುತ್ತಿದ್ದಳು, ಇಳಿಸುತ್ತಿರಲಿಲ್ಲ.

ದೊಡ್ಡವಳಾಗಿ ಅವಳು ಶಹಾಪುರದ ಕೇಬಲ್ ಟಿವಿಯಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಅದನ್ನು ಬಿಟ್ಟು ತನ್ನದೇ ಒಂದು ಚಾನೆಲ್ ಮಾಡಿಕೊಂಡಳು. ಹೆಸರು 'ಓಣಿ ಮಾತು'. ಕೋಟೆಯ ಅಗಸಿಯ ಕಥೆ ಹೇಳುವ ಮುದುಕರು, ಬಂಗಾರದ ರೇಕು ಹಚ್ಚಿ ಚಿತ್ರ ಬರೆಯುತ್ತಿದ್ದ ಮನೆತನದ ಕೊನೆಯವರು, ಮದುವೆಯಲ್ಲಿ ಅರಿಶಿಣ ಹಚ್ಚುವಾಗ ದಖನಿಯಲ್ಲಿ ಹಾಡುವ ಹೆಂಗಸರು, ಯಾವ ಬಾವಿಯಲ್ಲಿ ಎಷ್ಟು ಮೆಟ್ಟಿಲು ಮುಳುಗಿವೆ ಎಂದು ಬಲ್ಲವರು, ಎಲ್ಲರ ಮುಂದೆಯೂ ಹೋಗಿ ಕೂತು ಕ್ಯಾಮೆರಾ ಹಿಡಿದಳು. ಹಾಡುವ ಜೈತುನಬೀ ತೀರಿಹೋದ ಮೇಲೆ, ಆಕೆಯ ಮೊಮ್ಮಗಳ ಮದುವೆಯಲ್ಲಿ ಫೋನಿನಿಂದ ಆಕೆಯ ದನಿಯನ್ನೇ ಹಾಕಿ ಅರಿಶಿಣ ಹಚ್ಚಿದರು. ನಾನೂ ಅಲ್ಲಿದ್ದೆ. ಆ ದಿನವೇ ನಮ್ಮ ಸಾಹಿತ್ಯ ಬಳಗದವರಿಗೆ ಹೇಳಿದೆ: "ಈ ಹುಡುಗಿ ಊರಿನ ನೆನಪು ಕಾಯಾಕತ್ಯಾಳ. ಒಂದು ಶಾಲು ಹೊದಿಸಾಕ ನಿಮಗೇನು ಧಾಡಿ?" ಅವಳು ಮಾಡಿದ ಕೆಲಸ ಆಗಲೂ ದೊಡ್ಡದಾಗಿತ್ತು, ಈಗಲೂ ದೊಡ್ಡದೇ. ನನ್ನ ನೋವು ಬೇರೆ.

ನನ್ನ ನೋವು ತಿಳಿಯಬೇಕಾದರೆ ಪೆಟ್ಟಿಗೆಯ ವಿಷಯ ಹೇಳಬೇಕು. ನಾನು ಮಾಸ್ತರಿಕೆಯಿಂದ ನಿವೃತ್ತನಾದವನು. ಅದಕ್ಕೂ ಮೊದಲು, ನನ್ನ ತಂದೆಯ ಕಾಲದಿಂದ, ಮೊಹರಮ್ಮಿನಲ್ಲಿ ಪೀರನನ್ನು ಕೂರಿಸುವ ನಮ್ಮ ಓಣಿಯ ಅಸುರಖಾನೆಯ ಮುಜಾವರ, ಅದನ್ನು ನೋಡಿಕೊಳ್ಳುವವನು. ಕಾಸಿಂ ಪೀರನ ಪಂಜಾ ನಮ್ಮ ಮನೆಯ ಒಳಕೋಣೆಯಲ್ಲಿ ಬೀಟೆ ಮರದ ಪೆಟ್ಟಿಗೆಯಲ್ಲಿರುತ್ತದೆ. ಅಂಗೈಯಷ್ಟಗಲದ ಬೆಳ್ಳಿಯ ಹಸ್ತ, ಅದರ ಮೇಲೆ ಕೊರೆದ ಅಕ್ಷರ. ಮೊಹರಮ್ಮಿನ ಹತ್ತನೆಯ ದಿನ ಅದನ್ನು ಬಾವಿಗೆ ಒಯ್ದು ತೊಳೆದು, ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು. ಮರುವರ್ಷ ಮೊಹರಮ್ಮಿನ ಚಾಂದ, ಅಂದರೆ ಎಳೆಚಂದ್ರ ಕಂಡು, ಬೆಂಕಿ ಹಾಕುವ ಅಲಾಯಿ ಕುಣಿಗೆ ಗುದ್ದಲಿ ಹಾಕುವತನಕ ಅದರ ಮುಚ್ಚಳ ಎತ್ತುವ ಹಾಗಿಲ್ಲ. ಎತ್ತಬಾರದೆಂದೇ ಅದಕ್ಕೆ ಎರಡು ಕೀಲಿ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಎದುರು ಮನೆಯ ನಾಯಕರ ತಿಮ್ಮಣ್ಣನ ಮನೆಯಲ್ಲಿ. ಅವರು ಕುಣಿ ತೋಡುವವರು, ನಾವು ಪಂಜಾ ಎತ್ತುವವರು. ಎರಡು ಮನೆ ಒಪ್ಪದೆ ಪೆಟ್ಟಿಗೆ ತೆರೆಯಬಾರದೆಂದು ಅಜ್ಜಂದಿರು ಮಾಡಿದ ನೇಮ. ತಿಮ್ಮಣ್ಣ ನನಗಿಂತ ಒಂದು ವರ್ಷ ದೊಡ್ಡವನು. ಐವತ್ತು ವರ್ಷ ಇಬ್ಬರೂ ಅಸುರಖಾನೆಯ ಪರದೆಯ ಒಳಗೆ ನಿಂತು ಆ ಪಂಜಾಕ್ಕೆ ದಟ್ಟಿ ಉಡಿಸಿದ್ದೇವೆ.

ದಟ್ಟಿ ಹೊಲಿಯುತ್ತಿದ್ದವಳು ಅನ್ವರಬಿ. ಹಸಿರು ರೇಷ್ಮೆಗೆ ಜರಿ ಅಂಚು ಕೂಡಿಸಿ ನಲವತ್ತೊಂದು ವರ್ಷ ಹೊಲಿದಳು. ಪೀರನಿಗೆ ಸಿಹಿ ಚೊಂಗೆ ಮಾಡುತ್ತಿದ್ದವಳು, ಕೋಣೆ ಸಾರಿಸುತ್ತಿದ್ದವಳು, ಊದಿನ ಹೊಗೆಗೆ ಕೆಂಡ ಕೊಡುತ್ತಿದ್ದವಳು ಅವಳೇ. ಆದರೆ ಪರದೆಯ ಒಳಗೆ ಹೆಂಗಸರು ಬರುವ ಹಾಗಿಲ್ಲ. ದಟ್ಟಿ, ಹೂವು, ಹೊಗೆ ಇವುಗಳ ನಡುವೆ ಎಲ್ಲರಂತೆ ದೂರದಿಂದ ನೋಡಿ ಕೈ ಮುಗಿದವಳು.

ಕಳೆದ ವರ್ಷ ಮೊಹರಂ ಮುಗಿದ ಮೇಲೆ ಅವಳ ಮೂತ್ರಪಿಂಡ ಕೆಟ್ಟವು. ಕಣ್ಣು ಸಕ್ಕರೆ ಕಾಯಿಲೆಯಿಂದ ಮೊದಲೇ ಮಂಜಾಗಿದ್ದವು. ಯಾದಗಿರಿಯ ಆಸ್ಪತ್ರೆಯಲ್ಲಿ ಒಂದು ಸಂಜೆ ನನ್ನ ಕೈ ಹಿಡಿದು ಕೇಳಿದಳು: "ಮನಿಗಿ ಹೋದ ಮ್ಯಾಲ ಒಮ್ಮೆ ಪೆಟ್ಟಿಗಿ ತೆಗೀರಿ. ನಾ ನೋಡ್ತೀನಿ."

"ಚಾಂದ ಬರಲಿ. ಪರದಿ ಸರಿಸಿ ತೋರಸ್ತೀನಿ," ಎಂದೆ.

"ಚಾಂದ ಬರ್ತದ. ನಾ ಇರಬೇಕಲ್ಲ."

"ಹಂಗ ಮಾತಾಡಬ್ಯಾಡ. ಅದು ನನ್ನ ಮನಿ ಸಾಮಾನಲ್ಲ, ಊರು ನಂಬಿ ಇಟ್ಟ ಅಮಾನತ್ ಐತಿ."

ಅವಳು ಮತ್ತೆ ಕೇಳಲಿಲ್ಲ. ನಾನು ಒಪ್ಪಿಸಿದೆನೆಂದು ತಿಳಿದೆ. ಶಾಬಾನ್ ತಿಂಗಳಲ್ಲಿ, ಒಂದು ಶುಕ್ರವಾರ ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡಳು. ಅಲ್ಲಾಹನು ಅವಳ ಗೋರಿಯನ್ನು ತಂಪಾಗಿಡಲಿ.

ಸನ್ಮಾನದ ದಿನ ಬಳಗದವರು ಶಾಲು ಹೊದಿಸಲು ನನ್ನನ್ನೇ ಕರೆದರು. ಎರಡು ಮಾತು ಆಡಬೇಕೆಂದೂ ಹೇಳಿದರು. ಮೂರು ದಿನ ಕೂತು ಬರೆದುಕೊಂಡಿದ್ದೆ. ಸಭಾಭವನ ತುಂಬಿತ್ತು. ಯಾದಗಿರಿಯಿಂದ ಅಧಿಕಾರಿಗಳು ಬಂದಿದ್ದರು. ತಿಮ್ಮಣ್ಣ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಧೋತರ ಉಟ್ಟು ಕೂತಿದ್ದ. ಶಾಲು ಹೊದಿಸುವ ಮೊದಲು ಅವಳು ಹೊಸದಾಗಿ ಮಾಡಿದ ಚಿತ್ರವನ್ನು ತೋರಿಸಿದರು. 'ಸುರಪುರದ ಮೊಹರಂ' ಎಂದು ಅದರ ಹೆಸರು.

ಕುಣಿ ಬಂತು, ಹೆಜ್ಜೆ ಬಂತು, ಹಲಗೆ ಬಂತು. ನಾನೂ ತಿಮ್ಮಣ್ಣನೂ ಪಂಜಾ ಹಿಡಿದು ಬೆಂಕಿ ಸುತ್ತುವುದು ಬಂತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಸಂಗೀತ ಸಣ್ಣದಾಯಿತು. 'ಮೊದಲ ಬಾರಿಗೆ' ಎಂಬ ಅಕ್ಷರ ಮೂಡಿತು. ಸಿನಿಮಾ ಪರದೆಯ ತುಂಬ ಪಂಜಾ. ದಟ್ಟಿಯಿಲ್ಲ, ಹೂವಿಲ್ಲ. ಬೋಳು ಬೆಳ್ಳಿ, ಒಂದೊಂದು ಅಕ್ಷರವೂ ನನ್ನ ಮುಖದಷ್ಟು ದೊಡ್ಡದು. ನಾನು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದೆ. ಕಳೆದ ಮೊಹರಮ್ಮಿನಲ್ಲಿ ಅಸುರಖಾನೆಯ ಪರದೆಯ ಒಳಗೆ ಯಾರಾದರೂ ಕಳ್ಳತನದಿಂದ ತೆಗೆದರೋ ಎಂದುಕೊಳ್ಳುವಷ್ಟರಲ್ಲಿ, ಪಂಜಾದ ಪಕ್ಕದಲ್ಲಿ ಒಂದು ಮುಖ ಬಾಗಿತು. ಅನ್ವರಬಿ. ಕಂದು ಸ್ವೆಟರ್ ಹಾಕಿಕೊಂಡಿದ್ದಳು.

ಆ ಸ್ವೆಟರನ್ನು ನಾನು ನಮ್ಮೂರ ಸಂತೆಯಲ್ಲಿ ಕೊಂಡದ್ದು ಅವಳು ಆಸ್ಪತ್ರೆಯಿಂದ ಬಂದ ಮೇಲೆ. ಅಂದರೆ ಪೆಟ್ಟಿಗೆ ಮುಚ್ಚಿ ನಾಲ್ಕು ತಿಂಗಳಾಗಿತ್ತು.

ಲೆಕ್ಕ ಹಾಕಲು ಹೊತ್ತು ಹಿಡಿಯಲಿಲ್ಲ. ಚಳಿಗಾಲದಲ್ಲಿ ನಾನು ಅವಳನ್ನು ಬಿಟ್ಟು ಊರ ಹೊರಗೆ ಹೋದದ್ದು ಒಂದೇ ದಿನ. ನಾನಿನ್ನೂ ಬದುಕಿದ್ದೇನೆಂದು ಪಿಂಚಣಿಯವರಿಗೆ ರುಜು ಮಾಡಿಕೊಡಲು ಯಾದಗಿರಿಗೆ ಹೋಗಿದ್ದೆ. ನಾನು ಮುಂದಿನ ಸಾಲಿನತ್ತ ನೋಡಿದೆ. ತಿಮ್ಮಣ್ಣ ಪರದೆಯನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ತನ್ನ ಮೊಣಕಾಲು ನೋಡುತ್ತಿದ್ದ.

ನನ್ನ ಹೆಸರು ಕರೆದರು. ಶಾಲು ಕೈಗೆ ಕೊಟ್ಟರು. ಅರ್ಜುಮಂದ ತಲೆಯ ಮೇಲೆ ಸೆರಗೆಳೆದುಕೊಂಡು ನನ್ನ ಮುಂದೆ ಬಾಗಿದಳು. ಶಾಲು ಹೊದಿಸುತ್ತ, ಅವಳ ಕಿವಿಗೆ ಮಾತ್ರ ಕೇಳುವಂತೆ ಕೇಳಿದೆ: "ಯಾರ ಹುಕುಂ ತಗೊಂಡಿ?"

"ಚಾಚಿದು," ಎಂದಳು. ಅವಳ ಮುಖ ನಗುತ್ತಲೇ ಇತ್ತು, ಫೋಟೋ ತೆಗೆಯುತ್ತಿದ್ದರು.

"ಎರಡು ಮಾತು ಆಡ್ರಿ ಮಾಸ್ತರ," ಎಂದು ಯಾರೋ ಮೈಕು ತಂದರು. ನಾನು ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ ವೇದಿಕೆ ಇಳಿದೆ. ಹೆಂಡತಿಯ ಮುಖ ಕಂಡು ದುಃಖವಾಯಿತೆಂದು ತಿಳಿದ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ತಿಮ್ಮಣ್ಣನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವನ ಹೆಂಡತಿ ಕರೆಮ್ಮ ನನ್ನನ್ನು ಕಂಡವಳೇ "ಬರ್ರಿ ಮಾವಾ, ಚಾ ಮಾಡ್ತೀನಿ" ಎಂದು ಒಳಗೆ ಹೋಗಿಬಿಟ್ಟಳು. ಅವಳಿಗೂ ಗೊತ್ತಿತ್ತು ಎಂದು ಅವಳ ನಡಿಗೆಯಿಂದಲೇ ತಿಳಿಯಿತು.

"ಕೀಲಿ ಕೊಟ್ಟೀಯೇನು?" ಎಂದೆ.

"ಕೊಟ್ಟೆ."

"ಐವತ್ತು ವರ್ಷದಾಗ ನಾನು ನಿನ್ನ ಕೇಳದಲೆ ಆ ಕೋಣಿ ಕಸ ಸೈತ ಹೊಡದಿಲ್ಲ, ತಿಮ್ಮ."

"ನಾ ಏನು ಕದ್ದು ತೆಗದೀನೇನು? ನನ್ನ ಮನಿ ಕೀಲಿ ನಾ ತಂದೆ. ನಿನ್ನ ಮನಿ ಕೀಲಿ ನಿನ್ನ ಹೇಂತಿ ತಂದಳು. ಎರಡು ಮನಿ ಕೂಡಿತು. ನೇಮ ಎಲ್ಲಿ ಮುರೀತು?"

"ಚಾಂದ ಇಲ್ಲದ ತೆಗದಿ."

"ಹೌದು, ತೆಗದೆ." ಅವನು ಬೀಡಿಯನ್ನು ಕಟ್ಟೆಗೆ ಒರೆಸಿ ಆರಿಸಿದ. "ಸಾಯೋ ಹೆಣ್ಣಮಗಳು ನನ್ನ ಹೊಸ್ತಿಲ ತನಕ ಗ್ವಾಡಿ ಹಿಡಕೊಂಡು ಬಂದಿದ್ಳು. 'ಅಣ್ಣಾ, ಒಮ್ಮೆ' ಅಂದ್ಳು. ಇಲ್ಲ ಅನ್ನಾಕ ನಾನೇನು ನಿನ್ನಂಗ ಮಾಸ್ತರ ಅಲ್ಲ."

ನಾನು ಕಟ್ಟೆಯ ತುದಿಗೆ ಕೂತೆ. ಅವನೇ ಮುಂದುವರಿಸಿದ: "ಬಟ್ಟಿ ಬಿಚ್ಚಿ ಕೊಟ್ಟು ನಾ ಬಾಗಲದಾಗ ನಿಂತೆ. ನೀ ಎಲ್ಲಿ ಯಾದಗಿರಿ ಬಸ್ಸು ತಪ್ಪಿಸ್ಕೊಂಡು ಹೊಳ್ಳಿ ಬರ್ತಿಯೋ ಅಂತ ಕಾಯಾಕತ್ತಿದ್ದೆ. ಆ ಹುಡಿಗಿ ಕ್ಯಾಮೆರಾ ತಂದದ್ದು ಖರೆ. ನಿನ್ನ ಹೇಂತಿ ಕಣ್ಣಿಗಿ ಅಕ್ಷರ ಕಾಣಂಗಿಲ್ಲಂತ, ದೊಡ್ಡದು ಮಾಡಿ ತೋರಸಾಕ. ಊರಿಗೆಲ್ಲ ತೋರಸ್ತಾಳಂತ ನನಗೇನು ಕನಸು ಬಿದ್ದಿತ್ತೇನು? ನಿನ್ನೆ ಆ ಕುರ್ಚಿ ಮ್ಯಾಲ ನಾ ಹೆಂಗ ಕುಂತಿದ್ದೆ ಅಂತ ನನಗ ಗೊತ್ತು."

"ನನಗ ಹೇಳಬೇಕಾಗಿತ್ತು. ಅಕಿ ಸತ್ತ ಮ್ಯಾಲಾದರೂ."

"ಹೇಳಿದ್ರ ನೀ ಅಳೋದು ಬಿಟ್ಟು ಸಿಟ್ಟು ಮಾಡ್ತಿದ್ದಿ. ಅದಕ್ಕ ಹೇಳಲಿಲ್ಲ."

ಕರೆಮ್ಮ ಚಹಾ ತಂದಳು. ನಾನು ಕುಡಿಯದೆ ಎದ್ದುಬಂದೆ. ಆ ಮನೆಯ ಚಹಾ ಬಿಟ್ಟು ಎದ್ದದ್ದು ಅದೇ ಮೊದಲು.

ಅವಳ ಚಾನೆಲ್ಲಿನಿಂದ ಮೂರು ದಿನದಲ್ಲಿ ಚಿತ್ರ ಊರೆಲ್ಲ ಹರಡಿತು. ಸಗರದಿಂದ, ಶಿರವಾಳದಿಂದ ಜನ ಫೋನು ಮಾಡಿ "ಪೀರನ ದರ್ಶನ ಮಾಡಿಸಿದ್ರಿ" ಎಂದರು. ನಮ್ಮ ಓಣಿಯಲ್ಲಿ ಮಾತು ಬೇರೆ ಇತ್ತು, ಆ ಸ್ವೆಟರ್ ನೋಡಿ ಅವರೂ ಲೆಕ್ಕ ಹಾಕಿದ್ದರು. ನೀರು ಹಿಡಿಯುವಲ್ಲಿ ಇಮಾಮಬೀ, ನಾನು ಹಾದುಹೋಗುವುದನ್ನು ನೋಡಿಯೇ ಜೋರಾಗಿ ಹೇಳಿದಳು: "ಪೆಟ್ಟಿಗಿ ತೆಗೆದು ಮೂರು ತಿಂಗಳಾಗಿಲ್ಲ, ಅನ್ವರಬಿ ಹೋದ್ಲು. ಪೀರ ಸುಮ್ಮ ಬಿಡ್ತಾನೇನು? ಮುಜಾವರನ ಮನ್ಯಾಗ ನೇಮ ಇಲ್ಲಂದ್ರ ಊರಾಗ ಎಲ್ಲಿರ್ತದ?"

"ಮೌತು ಅಲ್ಲಾಹನ ಕೈಯಾಗ ಐತಿ, ಇಮಾಮಬೀ. ಡಾಕ್ಟರ್ ಅದಕ್ಕಿಂತ ಮೊದಲ ಹೇಳಿದ್ರು," ಎಂದೆ.

"ಹೌದ್ರಿ, ಡಾಕ್ಟರ್ ಹೇಳಿದ್ರು. ಪೆಟ್ಟಿಗಿ ತೆಗಿ ಅಂತ ಯಾರು ಹೇಳಿದ್ರು?"

ಆ ಹೆಂಗಸಿನ ಬಾಯಿಗೆ ನಾನು ಉತ್ತರ ಕೊಡಬಲ್ಲೆ. ಆದರೆ ಒಬ್ಬೊಬ್ಬರ ಕೈಯ ಫೋನಿನಲ್ಲೂ ನನ್ನ ಹೆಂಡತಿ ಆ ಕಂದು ಸ್ವೆಟರಿನಲ್ಲಿ ಬಾಗಿ, ಮಾಡಬಾರದ್ದನ್ನು ಮಾಡುತ್ತಲೇ ಇದ್ದಳು. ನಲವತ್ತೊಂದು ವರ್ಷ ಹೊಲಿದದ್ದು ಯಾರಿಗೂ ನೆನಪಿರಲಿಲ್ಲ. ನೇಮ ಮುರಿದವಳು ಎಂಬುದೊಂದೇ ಉಳಿಯಿತು. ಹೆಸರು ತೊಳೆದುಕೊಳ್ಳಲು ಅವಳು ಇನ್ನು ಬರುವುದಿಲ್ಲ. ಆ ಚಿತ್ರ ಹೋಗಬೇಕು, ಪೂರ್ತಿಯಾಗಿ ಹೋಗಬೇಕು ಎಂದು ನಿಶ್ಚಯ ಮಾಡಿ ಶಹಾಪುರದ ಬಸ್ಸು ಹತ್ತಿದೆ.

ಅರ್ಜುಮಂದಳ ಕಚೇರಿ ಶಹಾಪುರದ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಕಿಟಕಿಯಿಂದ ಮಲಗಿದ ಬುದ್ಧನ ಗುಡ್ಡ ಕಾಣುತ್ತದೆ. ಅವಳು ಒಬ್ಬಳೇ ಇದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಸಲಾಮು ಹೇಳಿದಳು. ನಾನು ಉತ್ತರ ಕೊಟ್ಟೆ, ಅದು ಧರ್ಮ.

"ನಾನೇ ಬರಬೇಕಂತಿದ್ದೆ ಚಾಚಾ. ಧೈರ್ಯ ಸಾಲಲಿಲ್ಲ."

"ಚಿತ್ರ ತೆಗಿ."

"ಚಾನೆಲ್ಲಿನಿಂದ ತೆಗೀತೀನ್ರಿ. ಈಗ, ನಿಮ್ಮ ಮುಂದ." ಅವಳು ಕೂತು ಏನೋ ಒತ್ತಿದಳು. ತೋರಿಸಿದಳು. ಅದು ಹೋಗಿತ್ತು. "ಸನ್ಮಾನ ಅಂದಾಗ ಯಾರೂ ನೋಡಲಾರದ್ದು ಒಂದು ಇರಬೇಕು ಅನಸ್ತು. ಎಲ್ಲಾರೂ ಕುಣಿ ತೆಗೀತಾರ, ಹೆಜ್ಜಿ ತೆಗೀತಾರ. ಇದು ನನ್ನ ಹಂತೇಲಿ ಒಬ್ಬಾಕಿ ಹಂತೇಲಿ ಇತ್ತು. ನಾಳೆ ಆ ಪಂಜಾ ಕಳುವಾದ್ರ, ಸವದ್ರ, ಅದರ ಅಕ್ಷರ ಯಾರಿಗಿ ಗೊತ್ತಿರ್ತದ ಹೇಳ್ರಿ?"

"ಮೂಲ ಎಲ್ಲೈತಿ?"

ಅವಳು ಯಂತ್ರದ ಮೇಲಿನ ಕೈ ಹಿಂದೆಗೆದಳು. "ಮೂಲ ಇರಲಿ ಚಾಚಾ."

"ಮೂಲಾನೂ ತೆಗಿ."

"ನೀವು ಅದನ್ನ ಪೂರಾ ನೋಡಿಲ್ಲ. ನೋಡಿ ಆಮ್ಯಾಗ ಹೇಳ್ರಿ."

ನೋಡಬಾರದೆಂದುಕೊಂಡೇ ನೋಡಿದೆ. ಒಳಕೋಣೆ. ನೆಲದ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಪಂಜಾ. ಅನ್ವರಬಿ ವುಜೂ ಮಾಡಿಕೊಂಡು ಬಂದಿದ್ದಳು, ಮೊಣಕೈಯ ಮೇಲೆ ನೀರು ಹೊಳೆಯುತ್ತಿತ್ತು. ಅರ್ಜುಮಂದ ಕ್ಯಾಮೆರಾವನ್ನು ಒಂದು ಕಡೆ ಇಟ್ಟು, ಅದರಲ್ಲಿ ಕಂಡ ಅಕ್ಷರಗಳನ್ನು ಕೈಯ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸುತ್ತಿದ್ದಳು. ಇಬ್ಬರೂ ಮನೆಯ ದಖನಿಯಲ್ಲಿ ಮಾತಾಡಿದ್ದಾರೆ, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಇದೇನು ಬರ್ದಾರ?"

"ಯಾ ಹುಸೇನ್, ಚಾಚಿ."

"ಅಷ್ಟ ಏನು?" ಅನ್ವರಬಿ ನಕ್ಕಳು. "ನಾ ಏನೋ ಭಾಳ ಐತಿ ಅಂದ್ಕೊಂಡಿದ್ದೆ. ನಾ ಹೊಲಿದ ಅಂಗಿ ಹಾಕ್ಕೊಂಡಾವನ ಮಾರಿ ನಲವತ್ತೊಂದು ವರ್ಷ ನಾ ನೋಡಿರಲಿಲ್ಲ ನೋಡು." ಪಂಜಾವನ್ನು ಮುಟ್ಟಲಿಲ್ಲ. ಅದರ ಸುತ್ತಲಿನ ಬಟ್ಟೆಯ ಸುಕ್ಕನ್ನು ಸರಿಮಾಡಿದಳು. ಆಮೇಲೆ ತಲೆಯೆತ್ತಿ ಹೇಳಿದಳು: "ಇದು ನನಗಷ್ಟ ಮತ್ತ. ಯಾರಿಗೂ ತೋರಸಬ್ಯಾಡ. ಕಸಮ್ ಮಾಡು."

"ಕಸಮ್, ಚಾಚಿ," ಎಂದು ಅರ್ಜುಮಂದಳ ದನಿ ಹೇಳಿತು.

"ನಿಮ್ಮ ಚಾಚಾಗಂತೂ ಹೇಳಲೇಬ್ಯಾಡ. ಆ ಮನುಷ್ಯಾಗ ನನಗಿಂತ ಪೆಟ್ಟಿಗಿ ಹೆಚ್ಚು."

ಇದನ್ನೂ ಅವಳು ನಗುತ್ತಲೇ ಹೇಳಿದಳು. ಅತ್ತು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನಲವತ್ತೊಂದು ವರ್ಷ ನನ್ನ ಜೊತೆ ಉಂಡವಳು, ಇಷ್ಟು ಹಗುರಾಗಿ, ಎಂದೋ ತೀರ್ಮಾನವಾದ ಮಾತಿನ ಹಾಗೆ ಹೇಳಿದಳು. ನಾನು ಯಾದಗಿರಿಯಿಂದ ಬಂದ ಆ ಸಂಜೆ ಅವಳು ನನಗೆ ಗಂಜಿ ಬಡಿಸಿ, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದ್ದಳು. ಆಮೇಲೆ ಎರಡು ತಿಂಗಳಿಗೂ ಮೇಲೆ ಬದುಕಿದ್ದಳು. ಒಂದು ದಿನವೂ ಹೇಳಲಿಲ್ಲ.

ಚಿತ್ರ ನಿಂತಿತು. ಅರ್ಜುಮಂದ ಅಳುತ್ತಿದ್ದಳು.

"ಕಸಮ್ ಮಾಡಿದ್ದಿ," ಎಂದೆ.

"ಮಾಡಿದ್ದೆ. ಅವರು ಹೋದ ಮ್ಯಾಲ... ಯಾರಿಗಿ ನೋವಾಗ್ತದ ಅಂದ್ಕೊಂಡೆ."

"ನಾ ಇನ್ನೂ ಇದ್ದೆ."

ಅವಳು ಮೂಗು ಒರೆಸಿಕೊಂಡು ಹೇಳಿದಳು: "ಚಾಚಾ, ಅವರ ದನಿ ಬ್ಯಾರೆಲ್ಲೂ ಇಲ್ಲ. ನಿಮ್ಮ ಮನ್ಯಾಗ ಇರೋದು ರೇಷನ್ ಕಾರ್ಡಿನ ಫೋಟೋ ಒಂದು. ಜನರಿಗಿ ಬ್ಯಾಡ. ನಿಮಗಂತ ಇಟ್ಕೊಳ್ರಿ. ಫೋನಿನಾಗ ಹಾಕಿ ಕೊಡ್ತೀನಿ."

ಅವಳು ಹೇಳಿದ್ದು ನಿಜವಾಗಿತ್ತು. ಅನ್ವರಬಿಯ ದನಿ ನನ್ನ ಕಿವಿಯಿಂದ ಆಗಲೇ ಸವೆಯತೊಡಗಿತ್ತು, ಆ ಕೋಣೆಯಲ್ಲಿ ಅದನ್ನು ಕೇಳಿದ ಮೇಲೆಯೇ ಅದು ನನಗೆ ತಿಳಿಯಿತು. 'ಇಳಿ ನಮ್ಮವ್ವ' ಎನ್ನುವಾಗಿನ ಆ ಒಡಕು ಈ ದನಿಯಲ್ಲಿ ಹಾಗೆಯೇ ಇತ್ತು. ಇಟ್ಟುಕೊಂಡರೆ ದಿನಾ ಕೇಳಬಹುದು. ದಿನಾ ಆ ಕೊನೆಯ ಮಾತನ್ನೂ ಕೇಳಬೇಕು. ಇಟ್ಟುಕೊಂಡರೆ, ಚಾಂದವಿಲ್ಲದೆ ತೆರೆದದ್ದರ ಪಾಲು ನಾನೂ ತಿಂದಂತೆ. ಅವಳು ಬದುಕಿದ್ದಾಗ ಕೇಳಿದಾಗ ಇಲ್ಲವೆಂದ ನಾನು, ಅವಳು ಸತ್ತ ಮೇಲೆ ನನಗಾಗಿ ನೇಮ ಸಡಿಲಿಸಿದರೆ ಅಲ್ಲಾಹನಿಗೆ ಏನು ಹೇಳಲಿ? ಅವಳಿಗೆ ಏನು ಹೇಳಲಿ? 'ಯಾರಿಗೂ ತೋರಸಬ್ಯಾಡ' ಎಂದಿದ್ದಳು. ಆ ಯಾರಿಗೂ ಎಂಬುದರಲ್ಲಿ ಮೊದಲನೆಯವನು ನಾನು.

"ಅಳಿಸು," ಎಂದೆ.

"ಅಳಿಸಿದ್ರ ಹೊಳ್ಳಿ ಬರಂಗಿಲ್ಲ ಚಾಚಾ."

"ಗೊತ್ತು."

ಅವಳು ಕೈಯೆತ್ತಿದಳು. ನಾನು ತಡೆದೆ. "ನೀ ಬ್ಯಾಡ. ನಿನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ. ಯಾವುದು ಒತ್ತಬೇಕು, ತೋರಸು."

ಈ ಮಾತು ಅವಳಿಗೆ ತಾಗಿತು. ತಾಗಲಿ ಎಂದೇ ಆಡಿದೆ. ಅವಳು ಬೆರಳಿನಿಂದ ಒಂದು ಗುಂಡಿ ತೋರಿಸಿದಳು. ನಾನು 'ಬಿಸ್ಮಿಲ್ಲಾ' ಎಂದು ಒತ್ತಿದೆ. ಖರೇನೇ ಅಳಿಸಬೇಕೇನು ಎಂದು ಯಂತ್ರ ಕೇಳುತ್ತಿದೆ ಎಂದು ಅವಳು ಓದಿ ಹೇಳಿದಳು. ಮತ್ತೊಮ್ಮೆ ಒತ್ತಿದೆ. ಬಿಳಿ ಬಟ್ಟೆ, ಬೆಳ್ಳಿ, ಕಂದು ಸ್ವೆಟರ್ ಎಲ್ಲ ಒಂದು ಚಿಕ್ಕ ಚೌಕಾಗಿ ನಿಂತಿದ್ದವು. ಆ ಚೌಕು ಇಲ್ಲವಾಯಿತು. ಇಷ್ಟು ಸುಲಭವಾಗಿ ಆಗುತ್ತದೆಂದು ನಾನು ತಿಳಿದಿರಲಿಲ್ಲ.

"ಬ್ಯಾರೆ ಕಡೆ ಎಲ್ಲ್ಯಾದರೂ ಇಟ್ಟೀಯೇನು?"

"ಇಲ್ರಿ ಚಾಚಾ."

"ಕಸಮ್?"

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು "ಕಸಮ್" ಎಂದಳು.

ನಾನು ಮೆಟ್ಟಿಲಿಳಿದು ಬಂದೆ. ಸುರಪುರದ ಬಸ್ಸು ಬರಲು ಹೊತ್ತಿತ್ತು. ಮಗ್ರಿಬ್ ಆಜಾನ್ ಆಯಿತು. ನಿಲ್ದಾಣದ ಹಿಂದಿನ ಮಸೀದಿಗೆ ಹೋಗಿ ನಮಾಜು ಮಾಡಿದೆ. ಮೊದಲು ಅನ್ವರಬಿಯ ಮಗ್ಫಿರತ್ತಿಗಾಗಿ, ಅವಳ ಪಾಪ ಮನ್ನಿಸೆಂದು ಬೇಡಿದೆ, ಅದು ದಿನದ ರೂಢಿ. ಆಮೇಲೆ ಆ ಹುಡುಗಿಯನ್ನು ಕ್ಷಮಿಸುವ ಮನಸ್ಸು ಕೊಡು ಎಂದು ಬೇಡಬೇಕೆಂದು ಕೈಯೆತ್ತಿದೆ. ಬಾಯಿಗೆ ಆ ಮಾತು ಬರಲಿಲ್ಲ. ಎಪ್ಪತ್ತೆರಡು ವರ್ಷದಲ್ಲಿ ಅಲ್ಲಾಹನ ಮುಂದೆ ಒಂದು ಸುಳ್ಳನ್ನು ಬೇಡಿದವನಲ್ಲ ನಾನು. ಆ ಸಂಜೆ ಬೇಡಿದೆ. ಅರ್ಜುಮಂದ ನನಗೆ ಹೇಳಿದ್ದು ಸುಳ್ಳಾಗಿರಲಿ, ಎಲ್ಲೋ ಒಂದು ಕಡೆ ಅದನ್ನು ಇಟ್ಟಿರಲಿ ಎಂದು ಬೇಡಿದೆ.